ಅಳತೆಗೂ ಒಂದು ಪಾಲು ಕೊಡಿ: ಸಂಜೆ ಕಲಿಕಾ ಕೇಂದ್ರಗಳ ಮೌಲ್ಯಮಾಪನಕ್ಕೆ ದೇಣಿಗೆ ಮನವಿ

ಮಾನ್ಯರೇ,

ಮಂಡ್ಯ, ಮದ್ದೂರು, ಪಾಂಡವಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ 3ರಿಂದ 5ನೇ ತರಗತಿ ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಸಂಜೆ ಕಲಿಕಾ ಕೇಂದ್ರಗಳನ್ನು ನಡೆಸುತ್ತಿದೆ. ಪುಸ್ತಕ, ಚಾಪೆ, ಫ್ಯಾನು, ಬೀರು ಕೊಡುವವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಕೊಟ್ಟಿದ್ದರ ಮೇಲೆ ಹೆಸರು ಬರೆಸಬಹುದು, ಬಂದು ನೋಡಬಹುದು. ಈ ಸಲ ಕೇಳುತ್ತಿರುವುದು ಹೆಸರು ಬರೆಸಲು ಜಾಗವೇ ಇಲ್ಲದ ಕೆಲಸಕ್ಕೆ. ಕೇಂದ್ರಕ್ಕೆ ಬಂದ ಮಗುವಿಗೆ ಓದು ಬಂತೇ, ಬಂದಿದ್ದರೆ ಅದು ಕೇಂದ್ರದಿಂದಲೇ ಬಂತೇ ಎಂದು ಅಳೆಯಬೇಕು. ಅದಕ್ಕೆ ಒಂದು ಕೇಂದ್ರಕ್ಕೆ ವರ್ಷಕ್ಕೆ ₹12,000 ಬೇಕು.

"ಪ್ರತಿ ವರ್ಷ ಆಡಿಟ್ ಆಗುತ್ತದಲ್ಲ, ಮತ್ತೆ ಇದೇನು?" ಎಂದು ದಾನಿಗಳು ಕೇಳುವುದು ನ್ಯಾಯವೇ. ಲೆಕ್ಕಪರಿಶೋಧಕರು ನೋಡುವುದು ಹಣವನ್ನು. ವೋಚರಿಗೂ ಖರ್ಚಿಗೂ ತಾಳೆ ಇದೆಯೇ, ದೇಣಿಗೆ ಯಾವ ಉದ್ದೇಶಕ್ಕೆ ಬಂತೋ ಅದಕ್ಕೇ ಹೋಯಿತೇ ಎಂದು ಅವರು ಹೇಳಬಲ್ಲರು. ನೂರು ಪುಸ್ತಕದ ಬಿಲ್ಲು ಸರಿಯಿದೆ ಎಂಬುದಕ್ಕೂ ಆ ಪುಸ್ತಕವನ್ನು ಮಗು ಓದಬಲ್ಲದು ಎಂಬುದಕ್ಕೂ ಸಂಬಂಧವಿಲ್ಲ. ಎರಡನೆಯದನ್ನು ಯಾವ ಆಡಿಟ್ ವರದಿಯೂ ಹೇಳುವುದಿಲ್ಲ, ಹೇಳಬೇಕೆಂದು ಕಾನೂನೂ ಕೇಳುವುದಿಲ್ಲ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣಕ್ಕೆ ಮಾತ್ರ 2021ರಿಂದ ಇಂಥ ಒಂದು ನಿಯಮ ಇದೆ. ಸರಾಸರಿ ಸಿಎಸ್‌ಆರ್ ಬಾಧ್ಯತೆ ₹10 ಕೋಟಿ ಅಥವಾ ಅದಕ್ಕೂ ಹೆಚ್ಚಿರುವ ಕಂಪನಿ, ₹1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆ ಮುಗಿದು ವರ್ಷ ಕಳೆದ ಮೇಲೆ ಹೊರಗಿನವರಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ನಮ್ಮಂಥ ಸಣ್ಣ ಟ್ರಸ್ಟಿನ ಕೆಲಸ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಅಳತೆಯ ಖರ್ಚನ್ನು ನಾವೇ ಹೊಂದಿಸಿಕೊಳ್ಳಬೇಕು.

ಅಳೆಯುವುದು ಏನನ್ನು?

ಸಂಸ್ಥೆಗಳ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಫಲಾನುಭವಿಗಳ ಸಂಖ್ಯೆ. 40 ಮಕ್ಕಳು 30 ದಿನ ಬಂದರೆ 1,200 ಫಲಾನುಭವಿಗಳು ಎಂದು ಬರೆದುಬಿಡಬಹುದು. ಸುಳ್ಳು ಅನ್ನುವಂತಿಲ್ಲ, ನಿಜವೂ ಅಲ್ಲ. ಬಂದದ್ದು 40 ಮಕ್ಕಳೇ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಮೂರು ಪುಸ್ತಕ ಬೇರೆ ಬೇರೆ. ಖರ್ಚು ಮಾಡಿದ ಹಣ ಮತ್ತು ದಿನಗಳು ಒಂದರಲ್ಲಿ, ನಡೆದ ತರಗತಿ ಮತ್ತು ಹಾಜರಾತಿ ಇನ್ನೊಂದರಲ್ಲಿ, ಮಗುವಿನಲ್ಲಿ ಆದ ಬದಲಾವಣೆ ಮೂರನೆಯದರಲ್ಲಿ. ಮೊದಲೆರಡು ತಾವಾಗಿಯೇ ತುಂಬಿಕೊಳ್ಳುತ್ತವೆ. ದುಡ್ಡು, ದುಡಿಮೆ ಎರಡನ್ನೂ ಬೇಡುವುದು ಮೂರನೆಯದು.

ಬದಲಾವಣೆಯನ್ನು ನೋಡಲು ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಬೇಕು. 2005ರಲ್ಲಿ 'ಪ್ರಥಮ್' ಸಂಸ್ಥೆ ಶುರುಮಾಡಿದ 'ಅಸರ್' ಸಮೀಕ್ಷೆ ಅಕ್ಷರ, ಪದ, ಪ್ಯಾರಾ, ಕಥೆ ಎಂಬ ಮೆಟ್ಟಿಲುಗಳನ್ನು ಬಳಸುತ್ತದೆ. ಕನ್ನಡಕ್ಕೆ ನಾವು ನಡುವೆ ಇನ್ನೊಂದು ಮೆಟ್ಟಿಲು ಸೇರಿಸುತ್ತೇವೆ: ಒತ್ತಕ್ಷರವಿಲ್ಲದ ಪದಗಳು ಬೇರೆ, ಇರುವ ಪದಗಳು ಬೇರೆ. 'ಮರ', 'ಕಾಗೆ', 'ಹೂವು' ಓದುವ ಮಗು 'ನಕ್ಷತ್ರ'ದ ಹತ್ತಿರ ನಿಂತುಬಿಡುವುದು ಮಾಮೂಲು. ಆ ಮಗುವಿಗೂ ಗುಣಿತಾಕ್ಷರವೇ ಬಾರದ ಮಗುವಿಗೂ ಕಲಿಸುವ ಪಾಠ ಒಂದೇ ಅಲ್ಲ. ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವ ಕಳೆಯುವ ಲೆಕ್ಕವೇ ಮುಖ್ಯ ಪರೀಕ್ಷೆ. 42ರಲ್ಲಿ 17 ಕಳೆದರೆ 35 ಎಂದು ಬರೆಯುವ ಮಗು ಎರಡು ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿರುತ್ತದೆ. ಹಾಳೆಯಲ್ಲಿ 'ತಪ್ಪು' ಎಂದು ಗುರುತು ಹಾಕಿದರೆ ಸಾಲದು, 35 ಎಂದೇ ಬರೆದುಕೊಳ್ಳಬೇಕು. ಮುಂದೆ ಕಲಿಸುವವರಿಗೆ ಬೇಕಾದದ್ದು ಆ 35.

ಇದೆಲ್ಲ ಹೊರಗಿನಿಂದ ತಂದು ಹೇರಿದ್ದೆಂದು ಯಾರೂ ತಿಳಿಯಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲಿನ 'ಪ್ರಗತಿ ನೋಟ'ದಲ್ಲೇ ಕಾಣುತ್ತದೆ. ಮಗುವನ್ನು ಅಳೆಯಲು ಸರಿ ಎನಿಸಿದ್ದು ಸಂಸ್ಥೆಯನ್ನು ಅಳೆಯಲೂ ಸರಿಯೇ.

ಅಳತೆ ಎಲ್ಲೆಲ್ಲಿ ಕೆಡುತ್ತದೆ

ಮೊದಲನೆಯದು ಕಾಲ. ಬೇಸಿಗೆ ರಜೆ ಮುಗಿಸಿ ಬಂದ ಮಗು ಕಲಿತಿದ್ದನ್ನೂ ಮರೆತಿರುತ್ತದೆ. ಶಾಲೆ ಶುರುವಾದ ವಾರವೇ ಪರೀಕ್ಷೆ ಮಾಡಿ ಮಾರ್ಚಿನಲ್ಲಿ ಮತ್ತೆ ಮಾಡಿದರೆ ಏರಿಕೆ ಬಹಳ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಒಂದು ಪಾಲು ಮರೆತಿದ್ದು ನೆನಪಾದದ್ದು ಅಷ್ಟೆ. ಆದ್ದರಿಂದ ಹಿಂದಿನ ತರಗತಿಯ ಪಾಠ ನೆನಪಿಸುವ ಶಾಲೆಯ ಸೇತುಬಂಧ ಮುಗಿದ ಮೇಲೆ ಮೊದಲ ಸುತ್ತು, ಮಾರ್ಚಿ ಮೊದಲ ವಾರ ಎರಡನೇ ಸುತ್ತು. ದಸರಾ ರಜೆಯ ಹಿಂದೆಮುಂದೆ ಅಳೆಯುವುದಿಲ್ಲ.

ಎರಡನೆಯದು ಪರೀಕ್ಷಿಸುವವರು. ವರ್ಷಪೂರ್ತಿ ಕಲಿಸಿದ ಶಿಕ್ಷಕಿ ತಾನೇ ಪರೀಕ್ಷೆ ಮಾಡಿದರೆ ಗೊತ್ತಿಲ್ಲದೆಯೇ ಮೊದಲ ಅಕ್ಷರ ಬಾಯಿಗೆ ಬಂದುಬಿಡುತ್ತದೆ. ಹೀಗಾಗಿ ಮದ್ದೂರಿನವರು ಪಾಂಡವಪುರಕ್ಕೆ, ಪಾಂಡವಪುರದವರು ಮದ್ದೂರಿಗೆ. ಹತ್ತರಲ್ಲಿ ಒಂದು ಮಗುವನ್ನು ಚೀಟಿ ಎತ್ತಿ ಆರಿಸಿ, ಹಿಂದಿನ ಫಲಿತಾಂಶ ತೋರಿಸದೆ, ಮೂರನೆಯವರು ಮತ್ತೆ ಓದಿಸುತ್ತಾರೆ. ಇಬ್ಬರ ಗುರುತು ತಾಳೆಯಾಗದಿದ್ದರೆ ಆ ಕೇಂದ್ರದ ಇಡೀ ಸುತ್ತು ಮತ್ತೊಮ್ಮೆ. ಓದುವ ಹಾಳೆ ನಾಲ್ಕು ಬಗೆಯವು, ಕಷ್ಟದಲ್ಲಿ ಒಂದೇ ಸಮ. ಒಂದೇ ಹಾಳೆ ಇಟ್ಟರೆ ಕೊನೆಯ ಮಗು ಬರುವ ಹೊತ್ತಿಗೆ ಬಾಗಿಲ ಹೊರಗೆ ಕೇಳಿಸಿಕೊಂಡು ಬಾಯಿಪಾಠ ಮಾಡಿರುತ್ತದೆ. ಇನ್ನೊಂದು ಮಾತನ್ನು ಪರೀಕ್ಷಕರ ತರಬೇತಿಯಲ್ಲಿ ಒತ್ತಿ ಹೇಳಬೇಕಾಗುತ್ತದೆ: ನಮ್ಮ ಮಕ್ಕಳು 'ಹಾಲು' ಎಂಬುದನ್ನು 'ಆಲು' ಎಂದು ಓದಿದರೆ ಅದು ಓದಿನ ತಪ್ಪಲ್ಲ, ಮಂಡ್ಯದ ನಾಲಿಗೆ. ಅದಕ್ಕೆ ಗುರುತು ಕಡಿಮೆ ಮಾಡುವಂತಿಲ್ಲ.

ಮೂರನೆಯದು ಬಿಟ್ಟುಹೋದ ಮಕ್ಕಳು. ಅಂಕಿ ಸುಂದರವಾಗಿ ಕಾಣುವಂತೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಮೋಸ ಮಾಡುವ ಉದ್ದೇಶವೂ ಬೇಕಾಗಿಲ್ಲ. ಕಬ್ಬು ಕಡಿಯಲು, ಆಲೆಮನೆ ಕೆಲಸಕ್ಕೆ ಬಂದ ಕುಟುಂಬಗಳು ಹಂಗಾಮು ಮುಗಿದಂತೆ ಊರು ಬಿಡುತ್ತವೆ. ಓದಲು ಕಷ್ಟಪಡುತ್ತಿದ್ದ ಮಗು ತಾನಾಗಿಯೇ ಬರುವುದನ್ನು ನಿಲ್ಲಿಸುತ್ತದೆ. ಮಾರ್ಚಿನಲ್ಲಿ ಕೂತಿರುವವರನ್ನು ಮಾತ್ರ ಅಳೆದರೆ ಉಳಿದಿರುವವರು ಮೊದಲಿಂದಲೂ ಚೆನ್ನಾಗಿ ಓದುತ್ತಿದ್ದವರೇ. ಹಾಗಾಗಿ ಮೊದಲ ಸುತ್ತಿನ ಪಟ್ಟಿಯಿಂದ ಒಂದು ಹೆಸರನ್ನೂ ಹೊಡೆದುಹಾಕುವಂತಿಲ್ಲ. ಪ್ರತಿ ಹೆಸರಿನ ಮುಂದೆ ಏನಾಯಿತೆಂದು ಬರೆಯಬೇಕು: ಊರು ಬಿಟ್ಟಿತು, ವಸತಿ ಶಾಲೆಗೆ ಸೇರಿತು, ಊರಲ್ಲೇ ಇದ್ದೂ ಬರುತ್ತಿಲ್ಲ. ಊರಲ್ಲೇ ಇರುವ ಮಗುವನ್ನು ಮನೆಗೆ ಹೋಗಿ ಓದಿಸಬೇಕು. ಒಂದು ಸುತ್ತಿಗೆ ಒಂದಿಡೀ ದಿನ ಹಿಡಿಯುವುದು ಈ ಮನೆಭೇಟಿಗೇ.

ಪೋಷಕರ ಅಭಿಪ್ರಾಯವನ್ನು ನಾವು ಅಷ್ಟಾಗಿ ನೆಚ್ಚುವುದಿಲ್ಲ. ಪುಸ್ತಕ ಹಿಡಿದು ಬಾಗಿಲಿಗೆ ಬಂದವರ ಮುಂದೆ "ಚೆನ್ನಾಗೈತೆ ಕಣಪ್ಪ" ಅನ್ನದೆ ಇನ್ನೇನು ಹೇಳುತ್ತಾರೆ? "ಕೇಂದ್ರ ಹೇಗಿದೆ" ಎಂದು ಕೇಳುವ ಬದಲು "ಹೋದ ವಾರ ಮಗ ಎಷ್ಟು ದಿನ ಹೋದ? ಯಾವ ಪುಸ್ತಕ ಮನೆಗೆ ತಂದ?" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಕೇಂದ್ರ ಇಲ್ಲದಿದ್ದರೆ ಏನಾಗುತ್ತಿತ್ತು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಉದಾಹರಣೆಗೆ, 30 ಮಕ್ಕಳ ಕೇಂದ್ರದಲ್ಲಿ ಮೊದಲ ಸುತ್ತಿಗೆ 8 ಮಕ್ಕಳು ಪ್ಯಾರಾ ಓದುತ್ತಿದ್ದರು, ಮಾರ್ಚಿಗೆ 20 ಮಕ್ಕಳು ಓದಿದರು ಎಂದಿಟ್ಟುಕೊಳ್ಳಿ. 12 ಮಕ್ಕಳ ಏರಿಕೆ. ಆದರೆ ಮಗು ಬೆಳಗಿನಿಂದ ಶಾಲೆಯಲ್ಲೂ ಕಲಿಯುತ್ತಿರುತ್ತದೆ. ಕೇಂದ್ರಕ್ಕೆ ಬಾರದ 30 ಮಕ್ಕಳಲ್ಲಿ ಅದೇ ಅವಧಿಯಲ್ಲಿ 9 ಇದ್ದದ್ದು 15 ಆಗಿದ್ದರೆ, 6 ಮಕ್ಕಳ ಏರಿಕೆ ಹೇಗೂ ಆಗುತ್ತಿತ್ತು. ಕೇಂದ್ರದ ಪಾಲು 12 ಅಲ್ಲ, 6.

ಬಾರದ ಮಕ್ಕಳು ಯಾರು ಎಂಬುದರ ಮೇಲೆ ಈ ಹೋಲಿಕೆ ನಿಂತಿದೆ. ಕಾಳಜಿ ಇರುವ ಮನೆಯವರು ಮಾತ್ರ ಕೇಂದ್ರಕ್ಕೆ ಕಳಿಸಿದ್ದರೆ ಹೋಲಿಕೆಯೇ ಸೊಟ್ಟ. ಅರ್ಜಿ ಜಾಸ್ತಿ, ಜಾಗ ಕಡಿಮೆ ಇರುವ ಊರುಗಳಲ್ಲಿ ಪಂಚಾಯಿತಿ ಕಟ್ಟಡದಲ್ಲಿ ಎಲ್ಲರೆದುರು ಚೀಟಿ ಎತ್ತುವುದು ಅತ್ಯಂತ ನೇರವಾದ ಪರಿಹಾರ. ಹೆಸರು ಬಂದವರಿಗೆ ಈ ವರ್ಷ, ಬಾರದವರಿಗೆ ಮುಂದಿನ ವರ್ಷ ಮೊದಲ ಅವಕಾಶ. ಎರಡೂ ಗುಂಪಿನ ಪೋಷಕರ ಒಪ್ಪಿಗೆ ಪಡೆದು ಎರಡನ್ನೂ ಅಳೆಯಬಹುದು, ಶಿಫಾರಸಿನ ಫೋನುಗಳೂ ನಿಲ್ಲುತ್ತವೆ.

ಆದರೂ 30 ಮಕ್ಕಳ ಒಂದು ಕೇಂದ್ರದ ಅಂಕಿ ಹಿಡಿದು ಗೆದ್ದೆವೆಂದೋ ಸೋತೆವೆಂದೋ ಹೇಳಲಾಗದು. ಅಷ್ಟು ಸಣ್ಣ ಗುಂಪಿನಲ್ಲಿ ಶೇ. 18ರಷ್ಟು ಅತ್ತಿತ್ತ ಆಗುವುದು ಬರೀ ಆಕಸ್ಮಿಕದಿಂದಲೇ ಸಾಧ್ಯ. 100 ಮಕ್ಕಳಾದರೆ ಅದು ಸುಮಾರು ಶೇ. 10ಕ್ಕೆ, 400 ಮಕ್ಕಳಾದರೆ ಶೇ. 5ಕ್ಕೆ ಇಳಿಯುತ್ತದೆ. ಕೇಂದ್ರಗಳನ್ನು ಕೂಡಿಸಿ ನೋಡಬೇಕಾದ್ದು, ಒಂದೆರಡು ಕೇಂದ್ರಕ್ಕಷ್ಟೇ ಹಣ ಸಿಕ್ಕರೆ ಸಾಲದಿರುವುದು ಇದೇ ಕಾರಣಕ್ಕೆ.

₹12,000 ಎಲ್ಲಿಗೆ ಹೋಗುತ್ತದೆ

ಒಂದು ಮಗುವಿನ ಓದು ಮತ್ತು ಲೆಕ್ಕಕ್ಕೆ 12 ನಿಮಿಷ. ಕೇಂದ್ರದ 30, ಹೋಲಿಕೆಯ 30, ಒಟ್ಟು 60 ಮಕ್ಕಳಿಗೆ 12 ಗಂಟೆ. ಇಬ್ಬರು ಕೂತರೆ ಒಂದು ದಿನ. ಮನೆಭೇಟಿಗೆ ಇನ್ನೊಂದು ದಿನ. ಇಬ್ಬರಿಗೆ ಎರಡು ದಿನದ ಗೌರವಧನ ದಿನಕ್ಕೆ ₹800ರಂತೆ ₹3,200. ಬಸ್ಸು, ಊಟ ₹1,000. ಹಾಳೆಗಳ ಮುದ್ರಣ ₹300. ಮರುಪರೀಕ್ಷೆಗೆ ₹500. ಸುತ್ತಿಗೆ ₹5,000, ಎರಡು ಸುತ್ತಿಗೆ ₹10,000. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ತಾಳೆ ನೋಡಲು ಮತ್ತು ಊರಿನ ಸಭೆಗೆ ₹2,000.

ಕೇಂದ್ರ ನಡೆಸಲು ತಗಲುವ ವೆಚ್ಚ ಬೇರೆ: ಶಿಕ್ಷಕಿಗೆ 10 ತಿಂಗಳ ಗೌರವಧನ ₹90,000, ಉಸಲಿ-ಬಾಳೆಹಣ್ಣಿಗೆ ₹36,000, ಪುಸ್ತಕ, ದೀಪ, ರಿಪೇರಿ ₹24,000, ಒಟ್ಟು ₹1,50,000. ಅದರ ಶೇ. 8ರಷ್ಟು ಅಳತೆಗೆ. ಎರಡನ್ನೂ ಸೇರಿಸಿ ಮಗುವಿಗೆ ತಲಾ ₹5,400 ಎಂದು ಹೇಳಿದರೆ ಕೇಳಲು ಹಿತ. ಮೇಲಿನ ಉದಾಹರಣೆಯಂತೆ ಕೇಂದ್ರದಿಂದಲೇ ಮುಂದೆ ಬಂದವರು 6 ಮಕ್ಕಳಾದರೆ, ಆ ಒಂದೊಂದು ಮಗುವಿಗೆ ಬಿದ್ದದ್ದು ₹27,000. ದಾನಿಗಳು ನೋಡಬೇಕಾದ ಅಂಕಿ ಈ ಎರಡನೆಯದು. ಆಡಳಿತ ವೆಚ್ಚ ಶೇಕಡಾ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾದರೆ, ಅಳೆಯುವ ಖರ್ಚನ್ನೇ ಕಡಿದು ಶೇಕಡಾವಾರು ಚೆಂದ ತೋರಿಸುವ ಸಂಸ್ಥೆಗೇ ಬಹುಮಾನ ಕೊಟ್ಟಂತಾಗುತ್ತದೆ.

ಫಲಿತಾಂಶ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಅಳೆಯುವ ಮೊದಲೇ ಟ್ರಸ್ಟಿನ ನಡಾವಳಿ ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಒಂದು ತಾಲ್ಲೂಕಿನ ಕೇಂದ್ರಗಳನ್ನು ಕೂಡಿಸಿ ನೋಡಿದಾಗ ಎರಡು ವರ್ಷ ಸತತವಾಗಿ ಕೇಂದ್ರದ ಪಾಲು 30ಕ್ಕೆ 3 ಮಕ್ಕಳಿಗಿಂತ ಕಡಿಮೆ ಇದ್ದರೆ ಅಲ್ಲಿ ಕಲಿಸುವ ಕ್ರಮ ಬದಲಾಗುತ್ತದೆ. ಮೂರನೇ ವರ್ಷವೂ ಹಾಗೇ ಆದರೆ ಅಲ್ಲಿನ ಕೇಂದ್ರಗಳು ಮುಚ್ಚುತ್ತವೆ. ಮೊದಲೇ ಬರೆಯದಿದ್ದರೆ ಯಾವ ಅಂಕಿಗೂ ಒಂದು ಸಮಜಾಯಿಷಿ ಹುಟ್ಟಿಕೊಳ್ಳುತ್ತದೆ: ಮಳೆ ಹೆಚ್ಚಾಯಿತು, ಜಾತ್ರೆ ಬಂತು. ಶಿಕ್ಷಕಿಯರ ಗೌರವಧನವನ್ನು ಮಾತ್ರ ಈ ಅಂಕಿಗಳಿಗೆ ಕಟ್ಟುವುದಿಲ್ಲ. ಕಟ್ಟಿದ ದಿನವೇ ಹಿಂದುಳಿದ ಮಗು ಅವರಿಗೆ ಹೊರೆಯಾಗುತ್ತದೆ, ಪಟ್ಟಿಯಿಂದ ಮೆಲ್ಲಗೆ ಜಾರುತ್ತದೆ.

ಕೊಡುವುದು ಹೇಗೆ

ಒಂದು ಮಗುವಿನ ಇಡೀ ವರ್ಷದ ಅಳತೆಗೆ ₹400, ಒಂದು ಸುತ್ತಿಗೆ ₹5,000, ಒಂದು ಕೇಂದ್ರದ ವರ್ಷಕ್ಕೆ ₹12,000. ಎಷ್ಟು ಕೊಟ್ಟರೂ ರಸೀದಿ ಉಂಟು. 80ಜಿ ತೆರಿಗೆ ರಿಯಾಯಿತಿ ಬೇಕಾದವರು ಚೆಕ್, ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಟ್ಟು ಪ್ಯಾನ್ ಸಂಖ್ಯೆ ತಿಳಿಸಿ. ₹2,000 ಮೀರಿದ ನಗದಿಗೆ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಟ್ರಸ್ಟಿಗೆ ಇಲ್ಲ. ಆದ್ದರಿಂದ ಹೊರದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ, ಭಾರತದ ಬ್ಯಾಂಕ್ ಖಾತೆಯ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಒಸಿಐ ಕಾರ್ಡ್ ಇದ್ದರೂ, ತೆಗೆದುಕೊಳ್ಳಲಾಗದು. ದಯವಿಟ್ಟು ನೆಂಟರ ಖಾತೆಯಿಂದ ಸುತ್ತು ಹಾಕಿಸಿ ಕಳಿಸಬೇಡಿ.

ಹಣದ ಬದಲು ದಿನ ಕೊಡುವವರಿಗೂ ಸ್ವಾಗತ. ಡಿ.ಎಡ್., ಬಿ.ಎಡ್. ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು ಒಂದು ದಿನದ ತರಬೇತಿ ಪಡೆದು ಪರೀಕ್ಷಕರಾಗಬಹುದು. ತಮ್ಮ ಸ್ವಂತ ಊರಿನ ಕೇಂದ್ರ ಮಾತ್ರ ಸಿಗುವುದಿಲ್ಲ.

ಏಪ್ರಿಲ್ ಕೊನೆಯ ವಾರ ಪ್ರತಿ ಊರಿನಲ್ಲೂ ಸಭೆ ಸೇರಿ, ಮಕ್ಕಳ ಹೆಸರಿಲ್ಲದ ಫಲಿತಾಂಶದ ಪಟ್ಟಿಯನ್ನು, ಏರಿದ್ದು ಇಳಿದದ್ದು ಎರಡೂ ಸೇರಿಸಿ, ಗೋಡೆಗೆ ಹಚ್ಚಲಾಗುತ್ತದೆ. ದೇಣಿಗೆ ಕೊಟ್ಟವರಿಗೆ ಅದರ ಪ್ರತಿ ಅಂಚೆಯಲ್ಲೋ ವಾಟ್ಸಾಪಿನಲ್ಲೋ ಬರುತ್ತದೆ. ಸಭೆಗೆ ಬಂದು ಪ್ರಶ್ನೆ ಕೇಳಬೇಕೆನ್ನುವವರು ರಸೀದಿಯ ಹಿಂಭಾಗದಲ್ಲಿ ಊರಿನ ಹೆಸರು ಬರೆದುಕೊಡಿ, ದಿನಾಂಕ ತಿಳಿಸುತ್ತೇವೆ.

ಇಂತಿ,
ಟ್ರಸ್ಟಿಗಳು ಮತ್ತು ಮೌಲ್ಯಮಾಪನ ಸಮಿತಿ, ಮಂಡ್ಯ