ಯಾವ ಎಣ್ಣೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಹೊಲಿಗೆ ಒಣಗಿದೆ, ನೋವಿಲ್ಲ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಪಿತ್ತಕೋಶ ತೆಗೆದ ಮೇಲೆ ಕೊಬ್ಬು ಕಡಿಮೆ ತಿನ್ನಲು ಡಾಕ್ಟರು ಹೇಳಿದ್ದಾರೆ, ಸುಲಭವಾಗಿ ಜೀರ್ಣವಾಗುವ ಎಣ್ಣೆ ಯಾವುದು ಎಂದು ಕೇಳಿದ್ದೀಯ. ಒಂದು ಹೆಸರು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈಗ ನಿನ್ನ ಹೊಟ್ಟೆಗೆ ಎಣ್ಣೆಯ ಹೆಸರಿಗಿಂತ ಅದರ ಅಳತೆ ಮುಖ್ಯ.

ಜಿಡ್ಡು ಪಾತ್ರೆಗೆ ಸೋಪು ಮಾಡುವ ಕೆಲಸವನ್ನೇ ಹೊಟ್ಟೆಯೊಳಗೆ ಪಿತ್ತರಸ ಮಾಡುತ್ತದೆ. ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಆಮೇಲೆ ಮೇದೋಜೀರಕ ಗ್ರಂಥಿಯ ರಸ ಅದನ್ನು ಅರಗಿಸುತ್ತದೆ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ಅದು ಈಗಲೂ ತಯಾರಾಗುತ್ತಲೇ ಇದೆ. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಒಟ್ಟಿಗೆ ಬಿಡುತ್ತಿತ್ತು, ಅಷ್ಟೇ. ಈಗ ಕೂಡಿಡುವ ಜಾಗವಿಲ್ಲ, ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತಿರುತ್ತದೆ. ಹಾಗಾಗಿ ಒಂದೇ ಊಟಕ್ಕೆ ಎಣ್ಣೆ ಜಾಸ್ತಿ ಬಿದ್ದರೆ ಹೊಟ್ಟೆ ಉಬ್ಬಬಹುದು, ಭೇದಿಯೂ ಆಗಬಹುದು. ಅಷ್ಟೇ ಎಣ್ಣೆಯನ್ನು ದಿನದ ಎಲ್ಲ ಊಟಕ್ಕೂ ಹಂಚಿಕೊಂಡರೆ ತಡೆದುಕೊಳ್ಳುತ್ತದೆ.

ಅದಕ್ಕೇ ಹೇಳುವುದು, ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಡು. ಬೇಕಾದರೆ ಪರೀಕ್ಷೆ ಮಾಡಿ ನೋಡು. ಯಾವಾಗಲೂ ಬಗ್ಗಿಸುವ ಹಾಗೇ ಬಾಟಲಿ ಬಗ್ಗಿಸು, ಆದರೆ ಬಾಣಲೆಗಲ್ಲ, ಒಣಗಿದ ಲೋಟಕ್ಕೆ. ಅದನ್ನು ಟೀ ಚಮಚದಲ್ಲಿ ಅಳೆದು ನೋಡು. ಒಂದು ಚಮಚ ಅಂದುಕೊಂಡದ್ದು ಮೂರೋ ನಾಲ್ಕೋ ಆಗಿರುತ್ತದೆ. ಟೀ ಚಮಚ ಅಂದರೆ 5 ಮಿಲಿ, ಸುಮಾರು 40 ಕ್ಯಾಲೊರಿ. ಯಾವ ಅಡುಗೆ ಎಣ್ಣೆ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಗಾಣದ್ದಾದರೂ ಅಷ್ಟೇ, ರಿಫೈನ್ಡ್ ಆದರೂ ಅಷ್ಟೇ. ಬಾಟಲಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದದ್ದಕ್ಕೂ ಮರುಳಾಗಬೇಡ. ಬೀಜ, ಕಾಯಿಗಳಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಇಲ್ಲದ್ದನ್ನು ಇಲ್ಲ ಎನ್ನಲು ಅಷ್ಟೊಂದು ಸಂಭ್ರಮ!

ಅಳತೆ ಹಿಡಿತಕ್ಕೆ ಬಂದ ಮೇಲೆ ಸೂರ್ಯಕಾಂತಿ, ಕಡಲೆಕಾಯಿ, ಎಳ್ಳು, ಆಲಿವ್, ಅಕ್ಕಿ ತೌಡು, ಯಾವುದಾದರೂ ಸರಿ. ಜೀರ್ಣದ ಮಟ್ಟಿಗೆ ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿನ್ನ ನಾಲಿಗೆಗೆ ಹಿಡಿಸಿದ್ದನ್ನು ತಗೋ.

ಕೊಬ್ಬರಿ ಎಣ್ಣೆಯ ಮಾತು ಬೇರೆ. ಅದಕ್ಕೆ ಪಿತ್ತರಸವೇ ಬೇಡ, ಎಷ್ಟು ತಿಂದರೂ ಅರಗುತ್ತದೆ ಎಂದು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕೊಬ್ಬಿನ ಅಣುಗಳು ಸರಪಳಿಯ ಹಾಗಿರುತ್ತವೆ, ಅವುಗಳಲ್ಲಿ ಮಧ್ಯಮ ಉದ್ದದ ಕೆಲವು ಪಿತ್ತರಸದ ಹಂಗು ಅಷ್ಟಾಗಿ ಇಲ್ಲದೆ ಕರುಳಿನಿಂದ ನೇರವಾಗಿ ಲಿವರ್‌ಗೆ ಹೋಗುತ್ತವೆ. ಅವುಗಳನ್ನೇ ಬೇರ್ಪಡಿಸಿ ಎಂಸಿಟಿ ಎಣ್ಣೆ ಎಂದು ಮಾರುತ್ತಾರೆ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅವು ಇರುವುದು ಸ್ವಲ್ಪವೇ. ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಇನ್ನೊಂದು ಬಗೆಯ ಕೊಬ್ಬು, ಅದು ಬಹುಪಾಲು ಮಾಮೂಲಿ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. ಮೇಲಾಗಿ ಅದರ ಕೊಬ್ಬಿನಲ್ಲಿ 80%ಗೂ ಜಾಸ್ತಿ ಸ್ಯಾಚುರೇಟೆಡ್, ಅದು ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ರುಚಿಗೆ ಆಗೊಮ್ಮೆ ಈಗೊಮ್ಮೆ ಹಾಕಿಕೋ, ಔಷಧಿ ಅಂದುಕೊಂಡು ಸುರಿಯಬೇಡ. ಎಂಸಿಟಿ ಎಣ್ಣೆಯನ್ನು ಡಾಕ್ಟರು ಹೇಳದೆ ತರಲೇಬೇಡ. ಒಮ್ಮೆಗೇ ಜಾಸ್ತಿ ತಗೊಂಡರೆ ಹೊಟ್ಟೆ ಹಿಂಡುತ್ತದೆ, ಭೇದಿಯಾಗುತ್ತದೆ. ಹುರಿಯಲು, ಕರಿಯಲು ಅಂತೂ ಆಗುವುದೇ ಇಲ್ಲ.

ಕರಿದದ್ದು ಸದ್ಯಕ್ಕೆ ಬೇಡ. ಎಷ್ಟು ಎಣ್ಣೆ ಹೀರಿಕೊಂಡಿದೆ ಎಂದು ಅಳೆಯುವುದು ಹೇಗೆ ಹೇಳು? ಬೇಯಿಸಿದ ತರಕಾರಿಯನ್ನು ಒಲೆಯಿಂದ ಇಳಿಸಿ, ಮೇಲೆ ಅರ್ಧ ಚಮಚ ಎಣ್ಣೆ ಹಾಕಿ ಕಲಸಿ ನೋಡು. ಎಣ್ಣೆ ಮೇಲೇ ಇರುವುದರಿಂದ ಘಮ ಮೊದಲ ತುತ್ತಿಗೇ ಸಿಗುತ್ತದೆ. ಇದಕ್ಕೆ ಎಳ್ಳೆಣ್ಣೆ ನನಗೆ ಬಹಳ ಇಷ್ಟ.

ಬೆಳ್ಳುಳ್ಳಿ ತಿಂದರೆ ಗ್ಯಾಸ್ ಆಗುತ್ತದೆ ಎಂದಿದ್ದೆಯಲ್ಲ, ಅದಕ್ಕೂ ಎಣ್ಣೆಯಲ್ಲೇ ದಾರಿ ಇದೆ. ಬೆಳ್ಳುಳ್ಳಿಯಲ್ಲಿ ಗ್ಯಾಸ್ ಮಾಡುವ ಫ್ರಕ್ಟಾನ್ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಎಸಳನ್ನು ಜಜ್ಜದೆ, ಇಡಿಯಾಗಿ ಸಣ್ಣ ಉರಿಯಲ್ಲಿ ಎಣ್ಣೆಯಲ್ಲಿ ಬಿಸಿ ಮಾಡು. ಅಂಚು ಕೆಂಪಾಗುತ್ತಿದ್ದಂತೆ ತೆಗೆದು ಹಾಕು. ಘಮ ಎಣ್ಣೆಯಲ್ಲಿ ಉಳಿಯುತ್ತದೆ. ಆದರೆ ಅದನ್ನು ಮಾಡಿ ಹೊರಗೆ ಇಡಬೇಡ. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಹಾಗೇ ಇಟ್ಟರೆ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಬಹುದು, ಪ್ರಾಣಕ್ಕೇ ಅಪಾಯ. ಆ ಹೊತ್ತಿಗೆ ಬೇಕಾದಷ್ಟೇ ಮಾಡಿಕೋ.

ಇಷ್ಟೆಲ್ಲ ಓದಿ ಎಣ್ಣೆಯನ್ನೇ ಪೂರ್ತಿ ಬಿಟ್ಟುಬಿಡುವವಳು ನೀನು, ನನಗೆ ಗೊತ್ತು. ಹಾಗೆ ಮಾಡಬೇಡ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹಿಡಿಯಲು ಸ್ವಲ್ಪ ಕೊಬ್ಬು ಬೇಕೇ ಬೇಕು. ಊಟಕ್ಕೆ ಒಂದು ಟೀ ಚಮಚದಿಂದ ಶುರು ಮಾಡು. ಹೊಟ್ಟೆ ಒಪ್ಪಿದರೆ ವಾರಗಳು ಕಳೆದಂತೆ ಸ್ವಲ್ಪ ಸ್ವಲ್ಪ ಹೆಚ್ಚಿಸಬಹುದು. ಡಾಕ್ಟರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ, ನನ್ನದಲ್ಲ.

ಮಲ ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕೊಬ್ಬು ಅರಗುತ್ತಿಲ್ಲ ಎಂದು ಅರ್ಥ. ಆಗ ಎಣ್ಣೆ ಬದಲಿಸುತ್ತ ಕೂರಬೇಡ, ಡಾಕ್ಟರಿಗೆ ತೋರಿಸು. ಕಣ್ಣು ಹಳದಿಯಾದರೆ, ಜ್ವರದ ಜೊತೆ ಹೊಟ್ಟೆನೋವು ಬಂದರೆ ಅವತ್ತೇ ಹೋಗು. ನಾಚಿಕೆ ಪಟ್ಟುಕೊಂಡು ಮುಚ್ಚಿಡಬೇಡ.

ಇತಿ,
ನಿನ್ನ ದೊಡ್ಡಮ್ಮ