ರಕ್ತ ಜಾಸ್ತಿ ಇದ್ದರೆ ಒಳ್ಳೆಯದೇ?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟವನ್ನು ತಪ್ಪದೆ ಓದುತ್ತೇನೆ. ರಕ್ತ ಕಡಿಮೆಯಾದರೆ ಏನು ಮಾಡಬೇಕು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಇಳಿದರೆ ಯಾವಾಗ ಹೆದರಬೇಕು ಎಂದು ಮತ್ತೆ ಮತ್ತೆ ಬರುತ್ತದೆ. ಬರಲಿ, ಬೇಕಾದದ್ದೇ. ಆದರೆ ರಕ್ತಕಣ ಜಾಸ್ತಿಯಾಗುವುದೂ ಒಂದು ಕಾಯಿಲೆ ಎಂದು ಒಂದು ಸಾಲೂ ಬಂದದ್ದು ನಾನು ನೋಡಿಲ್ಲ. ನನಗಿರುವುದು ಅದೇ. ಹೆಸರು ಪಾಲಿಸೈಥೀಮಿಯಾ ವೆರಾ. ಸಾಕು ಎಂದರೂ ಕೇಳದೆ ಮೂಳೆಯ ಮಜ್ಜೆ ಕೆಂಪುಕಣ ತಯಾರಿಸುತ್ತಲೇ ಇರುತ್ತದೆ.

ಮೂರು ವರ್ಷ ನನ್ನ ಹಿಮೋಗ್ಲೋಬಿನ್ 18ರ ಮೇಲಿತ್ತು. ರಿಪೋರ್ಟಿನಲ್ಲಿ ಅದರ ಪಕ್ಕ ದಪ್ಪಕ್ಷರದಲ್ಲಿ 'ಹೈ' ಅಂತಲೂ ಇರುತ್ತಿತ್ತು. ತೋರಿಸಿದ ಕಡೆ, "ರಕ್ತ ಚೆನ್ನಾಗಿದೆ ಬಿಡಿ, ಈ ವಯಸ್ಸಿಗೆ ಇಷ್ಟಿರೋದು ಪುಣ್ಯ" ಎಂದರು. ನನಗೂ ಖುಷಿಯೇ. ಸ್ನಾನ ಮಾಡಿ ಬಂದರೆ ಮಾತ್ರ ಮೈಯೆಲ್ಲ ಸೂಜಿ ಚುಚ್ಚಿದ ಹಾಗೆ ತುರಿಕೆ. ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಮೂರು ಸಲ ಸೋಪು ಬದಲಿಸಿದೆವು. ಸುಮ್ನೆ ರಗಳೆ ಮಾಡ್ತೀರಿ ಎಂದು ಮನೆಯವಳು ಬೈದದ್ದೂ ಆಯಿತು. ನೀರು ತಾಗಿದ ಮೇಲೆ ಬರುವ ಈ ತುರಿಕೆ ಈ ಕಾಯಿಲೆಯ ಗುರುತು ಎಂದು ನನಗೆ ತಿಳಿದದ್ದು, ಎಡಗಾಲಿನ ಮೀನಖಂಡ ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿದ್ದು ಸ್ಕ್ಯಾನಿನಲ್ಲಿ ಕಂಡ ಮೇಲೆ. ಆಗ ಜೇಕ್2 ಎಂಬ ಜೀನ್ ಪರೀಕ್ಷೆ ಮಾಡಿಸಿದರು. ಪಾಸಿಟಿವ್. ಈ ಜೀನಿನ ದೋಷ ಪತ್ತೆಯಾದದ್ದು 2005ರಲ್ಲಿ. ನನ್ನ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಅದು ಇರುತ್ತದಂತೆ.

ನಾನು ಲೆಕ್ಕ ಬರೆದೇ ಸಂಸಾರ ತೂಗಿಸಿದವನು. ಹಾಗಾಗಿ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ಪ್ರತಿ ಪರೀಕ್ಷೆಯ ಅಂಕಿ ಬರೆದಿಡುತ್ತೇನೆ. ಅದರಲ್ಲಿ ಕೆಂಪು ಶಾಯಿಯದು ಒಂದೇ ಕಾಲಂ, ಹಿಮಾಟೊಕ್ರಿಟ್. ಅಂದರೆ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಕೆಂಪುಕಣ ಎಂಬ ಲೆಕ್ಕ. ನನ್ನದು ಶುರುವಿನಲ್ಲಿ 56. ಅದನ್ನು 45ರ ಕೆಳಗೆ ಇಡಲೇಬೇಕು ಎಂದು ಡಾಕ್ಟರು ಹೇಳಿದಾಗ, 47 ಇದ್ದರೆ ಏನು ಮಹಾ ಎಂದು ವಾದ ಮಾಡಿದೆ. ಅವರು ಇಟಲಿಯ ಒಂದು ಅಧ್ಯಯನದ ವಿಷಯ ಹೇಳಿದರು. 2013ರಲ್ಲಿ ಪ್ರಕಟವಾದದ್ದು, ನನ್ನಂಥ 365 ಜನರ ಮೇಲೆ ನಡೆಸಿದ್ದು. 45ರಿಂದ 50ರ ನಡುವೆ ಇಟ್ಟವರಲ್ಲಿ, 45ರ ಕೆಳಗೆ ಇಟ್ಟವರಿಗಿಂತ, ದೊಡ್ಡ ಹೆಪ್ಪುಗಳೂ ಹೃದಯ ರಕ್ತನಾಳದ ಸಾವುಗಳೂ ಸೇರಿ ಸುಮಾರು ನಾಲ್ಕು ಪಟ್ಟು. ವಾದ ಅಲ್ಲಿಗೇ ನಿಂತಿತು.

ಇಳಿಸುವ ದಾರಿ ಹಳೆಯದೇ, ರಕ್ತ ತೆಗೆಯುವುದು. ಮೊದಲ ಸಲ ಅದು ಕಪ್ಪಗೆ, ಹೋಗಲೋ ಬೇಡವೋ ಎಂಬಂತೆ ಟ್ಯೂಬಿನಲ್ಲಿ ಇಳಿಯಿತು. ನರ್ಸಮ್ಮ ಮುಷ್ಟಿ ಹಿಡಿದು ಬಿಡಿ, ಹಿಡಿದು ಬಿಡಿ ಎನ್ನುತ್ತಲೇ ಇದ್ದರು. ಚೀಲ ತುಂಬಲು 20 ನಿಮಿಷ ಹಿಡಿಯಿತು. ಈಗ ಹತ್ತರೊಳಗೆ ಮುಗಿಯುತ್ತದೆ. ವಯಸ್ಸು 60 ದಾಟಿದೆ, ಒಮ್ಮೆ ಹೆಪ್ಪೂ ಕಟ್ಟಿದೆ ಎಂದು ಮಜ್ಜೆಯ ಕಣ ತಯಾರಿಕೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಇದೆ. ಹೀಗೆ ರಕ್ತ ತೆಗೆದು ತೆಗೆದು ಕಬ್ಬಿಣದ ಅಂಶ ಇಳಿಯುತ್ತದೆ. ಅದನ್ನು ಕೇಳಿದ ನಮ್ಮ ಭಾವ ಪ್ರೀತಿಯಿಂದ ಕಬ್ಬಿಣದ ಮಾತ್ರೆ ತಂದುಕೊಟ್ಟರು! ಡಾಕ್ಟರನ್ನು ಕೇಳದೆ ಅದನ್ನು ನುಂಗಿದ್ದರೆ ಇಳಿಸಿದ್ದೆಲ್ಲ ಮತ್ತೆ ಏರುತ್ತಿತ್ತು.

ಪ್ಲೇಟ್‌ಲೆಟ್ ಕಥೆ ಇನ್ನೂ ವಿಚಿತ್ರ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂರುವ ಒಬ್ಬ ಅಕ್ಕನಿಗೆ ಪ್ಲೇಟ್‌ಲೆಟ್ ಜಾಸ್ತಿಯಾಗುವ ಕಾಯಿಲೆ. ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ಅವರಿಗೆ ಹೆಪ್ಪು ಕಟ್ಟಿದ್ದು 6 ಲಕ್ಷ ಇದ್ದಾಗ. ಮುಂದೆ ಅದು 14 ಲಕ್ಷಕ್ಕೆ ಏರಿದಾಗ ಆದದ್ದು ವಸಡಿನಲ್ಲಿ ರಕ್ತ! ಹೆಪ್ಪು ಕಟ್ಟದಿರಲೆಂದು ಕೊಡುತ್ತಿದ್ದ ಆಸ್ಪಿರಿನ್ ನಿಲ್ಲಿಸಬೇಕಾಯಿತು. ಕಣ ಅಷ್ಟು ಹೆಚ್ಚಾದಾಗ, ರಕ್ತ ನಿಲ್ಲಿಸಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನನ್ನೇ ಅವು ಎಳೆದುಕೊಂಡು ಬರಿದು ಮಾಡುತ್ತವಂತೆ. ಅಂಕಿ ಏರಿದಷ್ಟೂ ಹೆಪ್ಪಿನ ಅಪಾಯ ಜಾಸ್ತಿ ಎಂಬ ನನ್ನ ಗುಮಾಸ್ತನ ಲೆಕ್ಕ ಅಲ್ಲಿ ತಲೆಕೆಳಗಾಯಿತು. ಅವರ ಕಾಯಿಲೆಯಲ್ಲಿ ವಯಸ್ಸು, ಹಿಂದೆ ಹೆಪ್ಪು ಕಟ್ಟಿತ್ತೇ, ಜೇಕ್2 ಇದೆಯೇ ಎಂಬುದನ್ನೇ ಮೊದಲು ನೋಡುತ್ತಾರೆ.

ಹಾಗಂತ 'ಹೈ' ಕಂಡವರೆಲ್ಲ ಗಾಬರಿ ಆಗಬೇಕಿಲ್ಲ. ಸಿಗರೇಟು, ಶ್ವಾಸಕೋಶದ ತೊಂದರೆ, ಮೈಯಲ್ಲಿ ನೀರು ಕಮ್ಮಿಯಾಗುವುದು, ಇವುಗಳಿಂದಲೂ ಹಿಮೋಗ್ಲೋಬಿನ್ ಏರುತ್ತದೆ. ಸೋಂಕಿಗೂ, ಕಬ್ಬಿಣದ ಕೊರತೆಗೂ ಪ್ಲೇಟ್‌ಲೆಟ್ ಏರುತ್ತದೆ. ಮತ್ತೊಮ್ಮೆ ಮಾಡಿಸಿದಾಗಲೂ ಇಳಿಯದಿದ್ದರೆ, ಯಾಕೆ ಎಂದು ಕೇಳಬೇಕು ಅಷ್ಟೇ. ನಾನು ಮೂರು ವರ್ಷ ಕೇಳಲಿಲ್ಲ.

ಈ ವಿಷಯಕ್ಕೆ ಅರ್ಧ ಪುಟ ಕೊಡಿ, ರಕ್ತರೋಗ ತಜ್ಞರಿಂದಲೇ ಬರೆಸಿ. ಬೇಕಿದ್ದರೆ ನನ್ನ ಕೆಂಪು ಕಾಲಂ ಕಳಿಸಿಕೊಡುತ್ತೇನೆ. ಕೊನೆಯ ಅಂಕಿ 44.1.

ಇಂತಿ,
ನಿವೃತ್ತ ಲೆಕ್ಕಗುಮಾಸ್ತ, ನಿಮ್ಮ ಓದುಗ