ಕೆಂಪು ಗಿಂಡಿ ಕಂಡರೆ ಗಾಡಿ ನಿಲ್ಲಿಸಿ

ಸಂಪಾದಕರೇ,

ಮಳೆಗಾಲದಲ್ಲಿ ಕಾರು ನೋಡಿಕೊಳ್ಳುವುದು ಹೇಗೆ ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಓದಿದೆ. ವೈಪರ್, ಟೈರು, ಬ್ರೇಕು ಎಲ್ಲಾ ಇತ್ತು. ಸ್ಟೇರಿಂಗ್ ಹಿಂದೆ ಹತ್ತುವ ಆ ಪುಟ್ಟ ಲೈಟುಗಳ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಗೊತ್ತಿಲ್ಲದೆ ನಾನು ಹೋದ ವರ್ಷ ಇಂಜಿನ್ ಕಳೆದುಕೊಂಡೆ, ಅದಕ್ಕೇ ಈ ಪತ್ರ.

ಚೌತಿಗೆ ಡೊಂಬಿವಲಿಯಿಂದ ಊರಿಗೆ ಹೊರಟಿದ್ದೆವು, ಗೋವಾ ಹೈವೇಯಲ್ಲಿ. ಆ ರಸ್ತೆಯ ಹೊಂಡಗಳ ಕಥೆ ಮುಂಬೈ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಇಂದಾಪುರ ದಾಟಿ ಎಲ್ಲೋ ನೀರು ತುಂಬಿದ ಹೊಂಡಕ್ಕೆ ಗಾಡಿ ಧಡ್ ಅಂತ ಇಳಿಯಿತು, ಮೇಲೆ ಬಂತು, ಮತ್ತೆ ಓಡಿತು. ಮಾಣಗಾಂವ್ ಪೇಟೆ ಕಳೆದ ಮೇಲೆ ಹೆಂಡತಿ, "ರೀ, ಅಲ್ಲೊಂದು ಕೆಂಪು ಗಿಂಡಿ ಕಾಣ್ತಿದೆ ನೋಡಿ, ತುದಿಯಲ್ಲಿ ಹನಿ ಬೇರೆ" ಅಂದಳು. ನಾನು ದೊಡ್ಡ ಡ್ರೈವರ್. "ಸರ್ವೀಸ್ ಟೈಮ್ ಆಗಿರ್ಬೇಕು, ಮಹಾಡ್‌ನಲ್ಲಿ ತೋರಿಸೋಣ, ಸುಮ್ನೆ ಕೂತ್ಕೋ" ಅಂದೆ. ಲೋಣೇರೆ ಹತ್ತಿರ ಬರುವಾಗ ಒಳಗಿನಿಂದ ಕಟಕಟ ಸದ್ದು ಶುರುವಾಯಿತು, ಸ್ವಲ್ಪ ಹೊತ್ತಿಗೆ ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗೆ ಗಾಡಿ ನಿಂತೇ ಬಿಟ್ಟಿತು. ಇಂಜಿನ್ ಸೀಜ್, ಅಂದರೆ ಒಳಗೇ ಕಚ್ಚಿಕೊಂಡು ತಿರುಗದ ಹಾಗಾಗಿತ್ತು.

ಗ್ಯಾರೇಜಿನಲ್ಲಿ ಗಾಡಿ ಎತ್ತಿ ನೋಡಿದರೆ ಚೇಂಬರ್ ಸೀಳಿತ್ತು. ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ತಟ್ಟೆಗೆ ಮೆಕ್ಯಾನಿಕ್‌ಗಳು ಚೇಂಬರ್ ಅಂತಾರೆ. ಆಯಿಲ್ ಎಲ್ಲ ದಾರಿಯುದ್ದಕ್ಕೂ ಸೋರಿ ಹೋಗಿತ್ತು. ಅಲ್ಲಿನ ಹಿರಿಯ ಮೆಕ್ಯಾನಿಕ್ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ತಾಂಬಡಾ ಮ್ಹಣ್ಜೇ ಥಾಂಬಾ." ಕೆಂಪು ಅಂದ್ರೆ ನಿಲ್ಲಿ ಅಂತ. ಆ ಪ್ರಾಸ ನನಗೆ ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ.

ಆ ಗಿಂಡಿ ಲೈಟು ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲ್‌ನ ಒತ್ತಡ ಬಿದ್ದಿದೆ ಅಂತ ಹೇಳುತ್ತದೆ. ಪಂಪು ಒತ್ತಿ ಕಳಿಸುವ ಆಯಿಲ್ ಬೇರಿಂಗ್‌ಗಳಿಗೆ ಮುಟ್ಟದಿದ್ದರೆ ಕಬ್ಬಿಣಕ್ಕೆ ಕಬ್ಬಿಣವೇ ಉಜ್ಜುತ್ತದೆ, ಕೆಲವೇ ನಿಮಿಷದಲ್ಲಿ ಆಟ ಮುಗಿಯಿತು. ಹಾಗಾಗಿ ಅದು ಹತ್ತಿದರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಅನ್ನುವ ಲೆಕ್ಕವೇ ಇಲ್ಲ, ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. ನೀರಿನ ಅಲೆಯಲ್ಲಿ ನಿಂತ ಥರ್ಮಾಮೀಟರ್ ಕೆಂಪಾದರೂ ಅಷ್ಟೇ, ಇಂಜಿನ್ ಕಾದಿದೆ ಅಂತ ಅರ್ಥ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲೇ ಬಿಚ್ಚಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ಇನ್ಶೂರೆನ್ಸ್‌ನವರು ಚೇಂಬರ್‌ಗೆ ದುಡ್ಡು ಕೊಟ್ಟರು, ಇಂಜಿನ್‌ಗೆ ಇಲ್ಲ ಅಂದರು. ಲೈಟ್ ಹತ್ತಿದ ಮೇಲೂ ಓಡಿಸಿದ್ದು ನಿಮ್ಮ ತಪ್ಪು ಅಂತ. ಕೋಪ ಬಂತು, ಆದರೆ ಏನಂತ ಜಗಳ ಆಡಲಿ, ತಪ್ಪು ನನ್ನದೇ ಅಲ್ವಾ?

ಹಳದಿ ಲೈಟಿನ ಮರ್ಯಾದೆ ಬೇರೆ. ನಮ್ಮ ಬಿಲ್ಡಿಂಗಿನ ಅಣ್ಣ ಒಬ್ಬರು ಟೈರಿನ ಹಳದಿ ಲೈಟು ಕಂಡು ಪುಣೆ ಎಕ್ಸ್‌ಪ್ರೆಸ್‌ವೇ ನಡುವೆಯೇ ಬ್ರೇಕ್ ಹಾಕಿದ್ದರು, ಹಿಂದೆ ಟ್ರಕ್! ಮಳೆಗೆ ಟೈರು ತಣ್ಣಗಾದರೆ ಗಾಳಿಯ ಒತ್ತಡ ಸ್ವಲ್ಪ ಇಳಿಯುತ್ತದೆ. ಅದಕ್ಕೂ ಲೈಟು ಹತ್ತಬಹುದು. ಗಾಡಿ ಒಂದು ಕಡೆಗೆ ಎಳೆಯದಿದ್ದರೆ ನಿಧಾನಕ್ಕೆ ಹೋಗಿ ಮುಂದೆ ಗಾಳಿ ನೋಡಿಸಿದರೆ ಸಾಕು. ಚೆಕ್ ಇಂಜಿನ್ ಲೈಟು ಸುಮ್ಮನೆ ಹತ್ತಿ ನಿಂತಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಿ. ಮಿಣುಕುತ್ತಿದ್ದರೆ ಮಾತ್ರ ಓಡಿಸಬೇಡಿ, ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗಬಹುದು, ಅದೇನೂ ಅಗ್ಗದ ಮಾಲಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ, ಡೀಸೆಲ್ ಗಾಡಿ ಇಟ್ಟುಕೊಂಡು ದಿನಾ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರಿಗೆ ಡಿಪಿಎಫ್ ಲೈಟಿನ ಕಾಟ ಗೊತ್ತೇ ಇರುತ್ತದೆ. ಹೊಗೆಯ ಮಸಿ ಹಿಡಿಯುವ ಜಾಲರಿ ಅದು. ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಉರಿದು ಹೋಗುತ್ತದೆ, ಆದರೆ ಲೈಟು ಕಂಡ ಮೇಲೆ ತಿಂಗಳುಗಟ್ಟಲೆ ಬಿಡಬಾರದು.

ಬ್ಯಾಟರಿ ಚಿತ್ರ ಕೆಂಪಾದರೆ ಹೋಗಿ ಹೊಸ ಬ್ಯಾಟರಿ ತರಬೇಡಿ. ಜಾಸ್ತಿ ಸಲ ಬೆಲ್ಟೋ, ಕರೆಂಟ್ ಮಾಡಿಕೊಡುವ ಆಲ್ಟರ್ನೇಟರೋ ಕೆಟ್ಟು ಬ್ಯಾಟರಿ ಚಾರ್ಜ್ ಆಗುತ್ತಿರುವುದಿಲ್ಲ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದೊಂದು ನೋಡಿ. ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿದಾಗ ಈ ಲೈಟುಗಳೆಲ್ಲ ಒಮ್ಮೆ ಹತ್ತಬೇಕು. ಏರ್‌ಬ್ಯಾಗ್ ಲೈಟು ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ. ತೊಂದರೆ ಮುಚ್ಚಿಡಲು ಯಾರೋ ಅದನ್ನು ತೆಗೆದು ಹಾಕಿರಬಹುದು.

ಲರ್ನಿಂಗ್ ಲೈಸೆನ್ಸ್‌ಗೆ ನನ್ನ ಹತ್ತಿರ ರಸ್ತೆಯ ಬೋರ್ಡುಗಳನ್ನೆಲ್ಲ ಕೇಳಿದರು, ಈ ಲೈಟುಗಳಲ್ಲಿ ಒಂದನ್ನೂ ಕೇಳಲಿಲ್ಲ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಪ್ಲಾಸ್ಟಿಕ್ ಕೂಡ ಬಿಚ್ಚದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿತ್ತು, ಅದು ನನ್ನ ಸೋಮಾರಿತನ. ಆದರೂ ಚೌತಿಗೆ ಮುಂಚೆ ನೀವು ಅರ್ಧ ಪುಟದಲ್ಲಿ ಈ ಲೈಟುಗಳ ಚಿತ್ರ ಹಾಕಿದರೆ ಊರಿಗೆ ಹೊರಡುವ ನೂರಾರು ಜನಕ್ಕೆ ಉಪಯೋಗ. ಬಣ್ಣದಲ್ಲೇ ಹಾಕಿ, ಕಪ್ಪುಬಿಳುಪಿನಲ್ಲಿ ಕೆಂಪು ಯಾವುದು ಹಳದಿ ಯಾವುದು ಅಂತ ಗೊತ್ತಾಗುವುದಿಲ್ಲ. ಕೆಳಗೆ ಆಯಿಲ್ ಪ್ರೆಷರ್ ವಾರ್ನಿಂಗ್ ಇಂಡಿಕೇಟರ್ ಅಂತೆಲ್ಲ ಬರೆಯಬೇಡಿ, ಗಿಂಡಿ ಅಂತಲೇ ಬರೆಯಿರಿ.

ಒಬ್ಬ ಓದುಗ, ಡೊಂಬಿವಲಿ ಪೂರ್ವ